ಹಳೆ ಕಾರಿನ ಎಸಿ: ಗ್ಯಾಸ್ ತುಂಬಿಸಿದರೂ ನಿಲ್ಲುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ, ರಾಯಚೂರಿನಿಂದ:

ನಮ್ಮದು 2008ರ ವ್ಯಾಗನ್ ಆರ್, 1,12,000 ಕಿ.ಮೀ. ಓಡಿದೆ. ಮಾರ್ಚ್‌ನಲ್ಲಿ ಎಸಿ ಗ್ಯಾಸ್ ತುಂಬಿಸಿದೆ, 1,800 ರೂಪಾಯಿ. ಐದು ವಾರ ಚೆನ್ನಾಗಿತ್ತು, ಆಮೇಲೆ ಬರೀ ಗಾಳಿ. ಮತ್ತೆ ತುಂಬಿಸಿದೆ, ಈ ಸಲ ಇಪ್ಪತ್ತು ದಿನವೂ ಬರಲಿಲ್ಲ. ಈಗ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಆನ್ ಆಗೋದೇ ಇಲ್ಲ. ಗ್ಯಾರೇಜಿನವರು "ಕಂಪ್ರೆಸರ್ ಹೋಗಿದೆ, 16,000 ಆಗುತ್ತೆ" ಅಂತಿದ್ದಾರೆ. ಈ ಕಾರನ್ನು ಮಾರಿದರೆ ಒಂದು ಲಕ್ಷ ಸಿಕ್ಕರೆ ಹೆಚ್ಚು. ಆದರೆ ಅಪ್ಪನನ್ನು ತಿಂಗಳಿಗೊಮ್ಮೆ ಹೈದರಾಬಾದ್‌ಗೆ ಚೆಕಪ್‌ಗೆ ಕರೆದುಕೊಂಡು ಹೋಗಬೇಕು. ಅವರಿಗೆ ಹೃದಯದ ತೊಂದರೆ, ಈ ಬಿಸಿಲಿನ ಝಳ ತಡೆಯೋದಿಲ್ಲ. ದುಡ್ಡು ಹಾಕಲೋ ಬಿಡಲೋ? ಹಳೆ ಕಾರಿನ ಎಸಿ ರಿಪೇರಿ ಮಾಡಿಸಿದವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ:

16,000 ಕೊಡುವ ಮುಂಚೆ ಎರಡು ದಿನ ತಡೀರಿ ಸಾರ್. ಗ್ಯಾಸ್ ಅನ್ನೋದು ಪೆಟ್ರೋಲ್ ಥರ ಉರಿದು ಖಾಲಿಯಾಗೋ ವಸ್ತು ಅಲ್ಲ, ಅದೇ ಗ್ಯಾಸ್ ಒಳಗೇ ಸುತ್ತುತ್ತಾ ಇರುತ್ತೆ. ಐದು ವಾರಕ್ಕೆ ಖಾಲಿಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಅದನ್ನು ಹುಡುಕದೆ ಎರಡು ಸಲ ತುಂಬಿದ್ದಾರೆ.

ನನ್ನದು 2005ರ ಜೆನ್. ನಾನು ಎರಡು ವರ್ಷದಲ್ಲಿ ನಾಲ್ಕು ಸಲ ಗ್ಯಾಸ್ ಹಾಕಿಸಿದೆ. ಕೊನೆಗೆ ಎಸಿ ಕೆಲಸವನ್ನಷ್ಟೇ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಮೊದಲಿಗೆ ಒತ್ತಡ ಅಳೆಯುವ ಗೇಜ್ ಮುಟ್ಟಲೇ ಇಲ್ಲ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಪೈಪ್‌ಗಳ ಜಾಯಿಂಟ್ ಒಂದೊಂದನ್ನೂ ಬೆರಳಿನಿಂದ ಸವರಿ ನೋಡಿದರು. ಗ್ಯಾಸ್ ಹೊರಗೆ ಹೋಗುವಾಗ ಕಂಪ್ರೆಸರ್ ಎಣ್ಣೆಯನ್ನೂ ಜೊತೆಗೆ ಒಯ್ಯುತ್ತೆ, ಆ ಎಣ್ಣೆಗೆ ಧೂಳು ಮೆತ್ತಿಕೊಂಡು ಕಪ್ಪು ಜಿಡ್ಡಾಗುತ್ತೆ. ಆ ಜಿಡ್ಡನ್ನೇ ಅವರು ಹುಡುಕುತ್ತಿದ್ದದ್ದು. ಹೊರಗೆಲ್ಲೂ ಸಿಗಲಿಲ್ಲ. ಆಮೇಲೆ ನೈಟ್ರೋಜನ್ 150 ಪಿಎಸ್‌ಐ ಒತ್ತಡಕ್ಕೆ ತುಂಬಿ ಬಿಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ಮುಳ್ಳು 120ಕ್ಕೆ ಇಳಿದಿತ್ತು. ಬಾನೆಟ್ ಕಡೆ ಎಲ್ಲಿ ಸೋಪಿನ ನೊರೆ ಹಚ್ಚಿದರೂ ಗುಳ್ಳೆ ಇಲ್ಲ. "ಹಾಗಾದ್ರೆ ಕೂಲಿಂಗ್ ಕಾಯಿಲ್ ಸಾರ್, ಡ್ಯಾಶ್‌ಬೋರ್ಡ್ ಒಳಗೆ" ಅಂದರು.

ಜೆನ್‌ನಲ್ಲಿ ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಿಲ್ಲ. ಗ್ಲೋವ್ ಬಾಕ್ಸ್ ತೆಗೆದರೆ ಹಿಂದೆಯೇ ಕಾಯಿಲ್ ಇರುವ ಪೆಟ್ಟಿಗೆ. ಅದನ್ನು ಬಿಡಿಸಿದಾಗ ಒಳಗಿನ ಸ್ಥಿತಿ ನೋಡಿ ಬೇಜಾರಾಯಿತು. ನಾನು ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಒಣಗಿದ ಬೇವಿನ ಎಲೆ, ಕಡ್ಡಿ, ಧೂಳು ಎಲ್ಲಾ ಸೇರಿ ಕಂಬಳಿ ತುಂಡಿನ ಹಾಗೆ ಕಾಯಿಲ್‌ಗೆ ಅಂಟಿತ್ತು, ಕೆಳಮೂಲೆಯಲ್ಲಿ ಎಣ್ಣೆಯ ಪಸೆ. ಕಾಯಿಲ್‌ಗೆ ಮತ್ತೆ ನೈಟ್ರೋಜನ್ ಕೊಟ್ಟು ನೀರಿನ ಬಕೆಟ್‌ಗೆ ಇಳಿಸಿದರು. ಆ ಮೂಲೆಯಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆದ್ದವು. ನಾಲ್ಕು ಸಲದ ಗ್ಯಾಸಿನ ದುಡ್ಡು ಆ ತೂತಿನಿಂದ ಹೋಗಿತ್ತು.

ಹೊಸ ಕಾಯಿಲ್, ಅದಕ್ಕೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಡ್ರೈಯರ್ (ತೇವ ಹೀರುವ ಡಬ್ಬಿ), ಓ-ರಿಂಗ್ (ಜಾಯಿಂಟಿನ ರಬ್ಬರ್ ಬಳೆ), ಗ್ಯಾಸ್, ಕೂಲಿ ಎಲ್ಲಾ ಸೇರಿ 7,200 ಆಯಿತು. ನಾಲ್ಕು ಬೇಸಿಗೆ ಕಳೆದವು, ಮತ್ತೆ ಗ್ಯಾಸ್ ಹಾಕಿಸಿಲ್ಲ.

ಇನ್ನೊಂದು ಮಾತು. ಸಿಸ್ಟಮ್ ಬಿಚ್ಚಿದ ಮೇಲೆ ವ್ಯಾಕ್ಯೂಮ್ ಮಾಡದೆ, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯದೆ, ಗ್ಯಾಸ್ ತುಂಬಲು ಬಿಡಬೇಡಿ. ನನಗೆ ಹಿಂದೆ ಹಾಕಿಕೊಟ್ಟವರೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿದ್ದರು. ಈ ಹಿರಿಯರು ಪಂಪ್ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರು, ಆಮೇಲೆ ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಮುಳ್ಳನ್ನೇ ನೋಡುತ್ತಾ ಕುಳಿತರು. ಒಳಗೆ ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ಬಾಯಲ್ಲಿ ಅದು ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತೆ. ಸ್ವಲ್ಪ ಹೊತ್ತು ತಣ್ಣಗೆ, ಸ್ವಲ್ಪ ಹೊತ್ತು ಬಿಸಿ, ಮತ್ತೆ ತಣ್ಣಗೆ, ಹೀಗೆ ಆಡಿಸುತ್ತೆ.

ಹುಬ್ಬಳ್ಳಿಯಿಂದ:

ಇಪ್ಪತ್ತೆರಡು ವರ್ಷದಿಂದ ಕಾರ್ ಎಸಿ ಕೆಲಸಾನ ಮಾಡ್ಕೋತ ಬಂದೇನಿ. ಮ್ಯಾಲಿನವರು ಹೇಳಿದ್ದು ಖರೆ ಐತಿ. ಕಂಪ್ರೆಸರ್ ಬಗ್ಗೆ ನಾ ಹೇಳ್ತೀನಿ ಕೇಳ್ರಿ.

ಆನ್ ಆಗವಲ್ದು ಅಂದಕೂಡ್ಲೆ ಕಂಪ್ರೆಸರ್ ಕೆಟ್ಟೈತಿ ಅಂತ ತಿಳ್ಕೋಬ್ಯಾಡ್ರಿ. ಗ್ಯಾಸ್ ಕಡಿಮಿ ಆದ್ರ ಪ್ರೆಶರ್ ಸ್ವಿಚ್ ಕರೆಂಟ್ ಕಡಿತೈತಿ, ಕಂಪ್ರೆಸರಿನ ಕ್ಲಚ್ ಎಳ್ಕೊಳ್ಳಂಗಿಲ್ಲ, ಅದು ತಿರುಗಂಗಿಲ್ಲ. ಕಂಪ್ರೆಸರ್ ಉಳೀಲಿ ಅಂತನ ಆ ಸ್ವಿಚ್ ಇಟ್ಟಿರ್ತಾರ. ಕೆಲವರು ಅದಕ್ಕ ವೈರ್ ಸುತ್ತಿ ಡೈರೆಕ್ಟ್ ಮಾಡಿಬಿಡ್ತಾರ, ಹಂಗ ಎಂದೂ ಮಾಡಸ್ಬ್ಯಾಡ್ರಿ. ಎಣ್ಣಿ ತಿರುಗಿ ಬರೋದು ಗ್ಯಾಸಿನ ಕೂಡನ. ಗ್ಯಾಸ್ ಇಲ್ಲದ ಓಡಿಸಿದ್ರ ಒಣಗಿ ಜಾಮ್ ಆಗ್ತದ, ಆಗ ಖರೇನ 16,000 ಹೋಗ್ತದ.

ಇಂಜಿನ್ ಬಂದ್ ಇದ್ದಾಗ ಗೇಜ್ ಹಚ್ಚಸ್ರಿ. ನಿಮ್ಮ ಗಾಡಿಗಿ 134ಎ ಗ್ಯಾಸ್. 30 ಡಿಗ್ರಿಯೊಳಗ ಎರಡೂ ಕಡೆ (ಲೋ ಅಂದ್ರ ಕಂಪ್ರೆಸರಿಗಿ ಗ್ಯಾಸ್ ಬರೋ ಕಡೆ, ಹೈ ಅಂದ್ರ ಅದು ಒತ್ತಿ ಕಳಿಸೋ ಕಡೆ) ಸುಮಾರು 95 ಪಿಎಸ್‌ಐ ಇರಬೇಕು. ಅಷ್ಟು ಐತಿ ಅಂದ್ರ ಪೂರ್ತಿ ತುಂಬೈತಿ ಅಂತಲ್ಲ. ಆದ್ರ 20-30 ತೋರಿಸ್ತು ಅಂದ್ರ ಗ್ಯಾಸ್ ಹೋಗೇದ ಅಂತನ ಅರ್ಥ. ಕಂಪ್ರೆಸರ್ ಖರೇನ ಸವದಿದ್ರ, ಪೂರ್ತಿ ಗ್ಯಾಸ್ ಹಾಕಿ ಓಡಿಸಿದಾಗ ಲೋ ಕಡೆ ಇಳಿಯಂಗಿಲ್ಲ, ಹೈ ಕಡೆ ಏರಂಗಿಲ್ಲ. ಲೋ 30-40, ಹೈ 200ರ ಆಚಿ ಈಚಿ ಬರ್ತಿದ್ರ ಪಂಪ್ ಚಲೋ ಐತಿ ಅಂತನ ಲೆಕ್ಕ. ಪೈಪ್ ಬಿಚ್ಚಿದಾಗ ಎಣ್ಣಿಯೊಳಗ ಬೆಳ್ಳಿ ಪುಡಿಗತೆ ಮಿಂಚು ಕಂಡ್ರನೂ ಕಂಪ್ರೆಸರ್ ಬದಲಾಯಿಸೋ ಮಾತು. ಆಗ ಡ್ರೈಯರ್, ವಾಲ್ವ್ ಸೈತ ಬದಲಾಯಿಸಿ ಪೈಪ್ ತೊಳೀಬೇಕು, ಇಲ್ಲಾಂದ್ರ ಅದ ಪುಡಿ ಹೊಸದನ್ನೂ ತಿಂತದ.

ಗ್ಯಾಸ್ ತೂಕ ಮಾಡಿ ಹಾಕಸ್ರಿ. ಎಷ್ಟು ಗ್ರಾಂ ಅಂತ ಬಾನೆಟ್ ಒಳಗ ಸ್ಟಿಕ್ಕರ್ ಮ್ಯಾಲೆ ಇರ್ತದ. ಹೆಚ್ಚು ಹಾಕಿದ್ರೂ ತಂಪು ಕಡಿಮಿನ ಆಗ್ತದ. ಅಗ್ಗ ಸಿಗ್ತದಂತ ಅಡಿಗಿ ಗ್ಯಾಸಿನ ಜಾತಿದ್ದು ಹಾಕೋರು ಅದಾರ, ಅದು ಬೆಂಕಿ ಹತ್ತೋ ಗ್ಯಾಸ್. ಒಳಗ ನಿಮ್ಮ ತಂದಿಯವರು ಕುಂತಿರ್ತಾರ, ಅದು ಬ್ಯಾಡೇ ಬ್ಯಾಡ.

ಮಂಗಳೂರಿನಿಂದ:

ನಮ್ಮಲ್ಲಿ ಸಮಸ್ಯೆ ಬೇರೆ ಮಾರಾಯ್ರೆ. ಕಂಡೆನ್ಸರ್ ಅಂದರೆ ರೇಡಿಯೇಟರ್ ಮುಂದಿರುವ, ಬಿಸಿ ಗ್ಯಾಸ್ ತಣಿಸುವ ಜಾಲರಿ. ಕಡಲ ಗಾಳಿಯ ಉಪ್ಪಿಗೆ ಕಂಡೆನ್ಸರ್‌ನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನನ್ನ ಸ್ಯಾಂಟ್ರೋಗೆ ಹತ್ತು ವರ್ಷದಲ್ಲಿ ಎರಡು ಕಂಡೆನ್ಸರ್ ಹೋಯಿತು. ನಿಮಗೆ ಉಪ್ಪಿಲ್ಲದಿದ್ದರೂ ಧೂಳು ಉಂಟಲ್ಲ, ರೇಡಿಯೇಟರ್ ಮುಂದಿನ ಆ ಜಾಲರಿಯನ್ನು ಒಮ್ಮೆ ಮೆಲ್ಲ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರಿನ ನೀರು ಬೇಡ, ರೆಕ್ಕೆ ಮಡಚಿ ಹೋಗುತ್ತದೆ. ಹೈವೇಯಲ್ಲಿ ತಣ್ಣಗೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಅಂತಾದರೆ ಗ್ಯಾಸ್ ಹಾಕಿಸಲಿಕ್ಕೆ ಓಡುವುದಲ್ಲ, ಮೊದಲು ಆ ಜಾಲರಿಯ ಫ್ಯಾನ್ ತಿರುಗುತ್ತದಾ ನೋಡಿ.

ಮೈಸೂರಿನಿಂದ:

ಇದನ್ನು ಇನ್ನೂ ಹಳೆಯ ಕಾರು ಇಟ್ಟುಕೊಂಡವರಿಗಾಗಿ ಬರೆಯುತ್ತಿದ್ದೇನೆ. ನನ್ನದು 1992ರ ಮಾರುತಿ 800, ಅದರ ಎಸಿ ಆರ್-12 ಗ್ಯಾಸಿನದು. ಓಜೋನ್ ಪದರ ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತಹಂತವಾಗಿ ನಿಲ್ಲಿಸಿದರು. ನಮ್ಮ ದೇಶದಲ್ಲಿ 2010ರ ಹೊತ್ತಿಗೆ ಮುಗಿಯಿತು. 134ಎಗೆ ಬದಲಾಯಿಸಬಹುದು, ಆದರೆ ಹಳೆಯ ಎಣ್ಣೆ ಆ ಗ್ಯಾಸಿನ ಜೊತೆ ಬೆರೆಯುವುದಿಲ್ಲ. ಎಣ್ಣೆ, ಡ್ರೈಯರ್, ಓ-ರಿಂಗ್ ಬದಲಾಯಿಸಿಯೇ ಮಾಡಿಸಿ. ತಂಪು ಮೊದಲಿಗಿಂತ ಒಂದು ಗುಲಗಂಜಿ ಕಡಿಮೆ, ನನಗೆ ಸಾಕು.

ಪ್ರಶ್ನೆ ಕೇಳಿದವರು, ಒಂಬತ್ತು ದಿನದ ನಂತರ:

ಎಲ್ಲರಿಗೂ ಮನಸಾರೆ ನಮಸ್ಕಾರ. ಎಸಿ ಕೆಲಸದವರೊಬ್ಬರನ್ನು ಹುಡುಕಿ, ನೀವೆಲ್ಲ ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಗೇಜ್ 25 ತೋರಿಸಿತು. ನೈಟ್ರೋಜನ್ ಹಾಕಿದರು. ಮುಂದಿನ ಗ್ರಿಲ್ ಬಿಚ್ಚಿದರೆ ಕಂಡೆನ್ಸರ್‌ನ ಕೆಳಗೆ, ನಂಬರ್ ಪ್ಲೇಟಿನ ಹಿಂದೆ, ಅಂಗೈಯಗಲ ಕಪ್ಪು ಜಿಡ್ಡು. ನೊರೆ ಹಚ್ಚಿದ ತಕ್ಷಣ ಬುಸಬುಸ ಅಂತ ಗುಳ್ಳೆ. ಕಲ್ಲು ಸಿಡಿದು ಬಡಿದ ಗುರುತು ಅದರ ಪಕ್ಕದಲ್ಲೇ ಇತ್ತು. ಎಣ್ಣೆಯಲ್ಲಿ ಮಿಂಚು ಇಲ್ಲ, ಕಂಪ್ರೆಸರ್‌ಗೆ ಏನೂ ಆಗಿಲ್ಲ. ಕಂಡೆನ್ಸರ್, ಡ್ರೈಯರ್, ಕಡಿಮೆಯಾದಷ್ಟು ಎಣ್ಣೆ, ವ್ಯಾಕ್ಯೂಮ್, ತೂಕ ಮಾಡಿ ಗ್ಯಾಸ್: ಒಟ್ಟು 6,350.

ಮೊನ್ನೆ ಹೈದರಾಬಾದ್‌ಗೆ ಹೋಗಿಬಂದೆವು. ಹೊರಗೆ 41 ಡಿಗ್ರಿ, ಎಸಿ ಬಾಯಿಗೆ ಥರ್ಮಾಮೀಟರ್ ಇಟ್ಟರೆ 11. ಶಾದ್‌ನಗರ ದಾಟುವಾಗ ಅಪ್ಪ "ಸ್ವಲ್ಪ ಕಡಿಮೆ ಮಾಡು, ಕಾಲು ತಣ್ಣಗಾಗ್ತಿದೆ" ಅಂದರು. ಮಳೆಗಾಲದಲ್ಲಿ ಎಸಿ ಬಂದ್ ಮಾಡಿಟ್ಟರೆ ತೊಂದರೆಯಾ?

ಹುಬ್ಬಳ್ಳಿಯಿಂದ:

ಭಾಳ ಖುಷಿ ಆತು ನೋಡ್ರಿ. ಬಂದ್ ಮಾಡಿಡಬ್ಯಾಡ್ರಿ. ಮಳಿಗಾಲ, ಚಳಿಗಾಲದಾಗೂ ವಾರಕ್ಕೊಮ್ಮಿ ಹತ್ತು ನಿಮಿಷ ಹಾಕ್ರಿ, ಕಂಪ್ರೆಸರ್ ಸೀಲಿಗಿ ಎಣ್ಣಿ ಮುಟ್ಟತಿರಬೇಕು. ಬಿಚ್ಚಿದ ಹಳೇ ಕಂಡೆನ್ಸರ್ ಅಲ್ಲೇ ಬಿಟ್ಟು ಬಂದಿದ್ರ ಹೋಗಿ ಇಸ್ಕೊಳ್ರಿ, ಗುಜರಿಯೊಳಗ ಅಲ್ಯೂಮಿನಿಯಂಗ ಚಲೋ ರೇಟ್ ಐತಿ.