ಸಹಾಯ ಬೇಕು: ಅಬರ್‌ಕ್ಯಾಸಲ್‌ನ ಕಲ್ಲುಗೋರಿಗೆ ಅಪ್ಪನನ್ನು ಕರೆದೊಯ್ಯುವುದು ಹೇಗೆ?

ವೇಲ್ಸ್‌ನಲ್ಲಿರುವ ಕನ್ನಡಿಗರಿಗೆ ನಮಸ್ಕಾರ. ಮುಂದಿನ ವಾರ ಅಪ್ಪನ ಜೊತೆ ಪೆಂಬ್ರೋಕ್‌ಶೈರ್‌ನ ಅಬರ್‌ಕ್ಯಾಸಲ್‌ಗೆ ಹೋಗುತ್ತಿದ್ದೇನೆ. ಕೆಲವೇ ಮನೆಗಳ ಪುಟ್ಟ ಊರು. 1876ರಲ್ಲಿ ಆಲ್ಫ್ರೆಡ್ ಜಾನ್ಸನ್ ಅಮೆರಿಕದಿಂದ ಒಬ್ಬನೇ ಸಣ್ಣ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಬಂದು ಕಾಲಿಟ್ಟಿದ್ದು ಇಲ್ಲೇ!

ಅಪ್ಪನಿಗೆ ಅದೆಲ್ಲ ಬೇಡ, ಪಕ್ಕದ ಕ್ಯಾರೆಗ್ ಸ್ಯಾಮ್ಸನ್ ನೋಡಬೇಕಂತೆ. ಸುಮಾರು 5000 ವರ್ಷ ಹಳೆಯ ಕಲ್ಲುಗೋರಿ. ಮೇಲಿನ ದೊಡ್ಡ ಚಪ್ಪಡಿಯನ್ನು ಸಂತ ಸ್ಯಾಮ್ಸನ್ ಕಿರುಬೆರಳಲ್ಲೇ ಎತ್ತಿಟ್ಟನೆಂದು ಅಲ್ಲಿ ಕಥೆ. ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಕಂಡಾಗಿನಿಂದ ಅಪ್ಪನಿಗೆ ಇದೇ ಹುಚ್ಚು.

ತೊಂದರೆ ಅವರ ಮಂಡಿನೋವು. ಮ್ಯಾಪ್‌ನಲ್ಲಿ ಎರಡು ದಾರಿ ಕಾಣುತ್ತಿದೆ. ಒಂದು ಬಂದರಿನಿಂದ ಪಶ್ಚಿಮಕ್ಕೆ ಕಡಲಂಚಿನ ಕಾಲುದಾರಿ, ಶುರುವಿನಲ್ಲೇ ಏರು. ಇನ್ನೊಂದು ಮೇಲಿನ ರಸ್ತೆಯಿಂದ ಹೊಲದ ಮನೆ ಹಾದು ಹೋಗುವ ದಾರಿ. ಉಳಿದುಕೊಳ್ಳುವ ಮನೆಯವರನ್ನು ಕೇಳಿದೆ, ಅವರು ಹೋಗೇ ಇಲ್ಲವಂತೆ. ವಿಡಿಯೋಗಳಲ್ಲಿ ಬರೀ ಕಲ್ಲು, ದಾರಿ ತೋರಿಸುವವರೇ ಇಲ್ಲ.

ಹೋಗಿ ಬಂದವರು ಹೇಳಿ: ಹೊಲದ ಕಡೆಯಿಂದ ಹೋದರೆ ಬೇಲಿ ಹತ್ತಿ ಇಳಿಯದೆ ಗೋರಿಯವರೆಗೆ ನಡೆಯಬಹುದಾ? ಅಲ್ಲಿ ಕಾರು ನಿಲ್ಲಿಸಲು ಬಿಡುತ್ತಾರಾ, ಇಲ್ಲ ಬಂದರಿನಲ್ಲೇ ಬಿಟ್ಟು ಬರಬೇಕಾ?