ಹೊಸ ಪ್ರೊಸೆಸರ್ ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗುತ್ತಿಲ್ಲ: ಅನುಭವವುಳ್ಳವರು ತಿಳಿಸಿ

ಪ್ರಶ್ನೆ: ಬಿ450 ಮದರ್‌ಬೋರ್ಡಿನ ನನ್ನ ಕಂಪ್ಯೂಟರಿನಲ್ಲಿದ್ದ ರೈಜೆನ್ 5 2600 ಪ್ರೊಸೆಸರನ್ನು ತೆಗೆದು ರೈಜೆನ್ 5 5600 ಕೂರಿಸಿದೆ. ಅದೇ ದಿನ ಹಳೆಯ 8 ಜಿಬಿ ರ‍್ಯಾಮ್ ತೆಗೆದು, 16 ಜಿಬಿಯ ಎರಡು ಸ್ಟಿಕ್‌ಗಳನ್ನೂ ಹಾಕಿದೆ. ಈಗ ಫ್ಯಾನುಗಳು ತಿರುಗುತ್ತವೆ, ಆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಪ್ರೊಸೆಸರ್ ಕೆಟ್ಟಿದೆಯೆಂದು ಮರಳಿಸಬೇಕೆ?

ಮೊದಲ ಉತ್ತರ: ದಯವಿಟ್ಟು ಈಗಲೇ ಮರಳಿಸಬೇಡಿ. ಫ್ಯಾನು ತಿರುಗುವುದರಿಂದ ವಿದ್ಯುತ್ ಹರಿಯುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ಮದರ್‌ಬೋರ್ಡ್ ಆ ಪ್ರೊಸೆಸರನ್ನು ಗುರುತಿಸಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಬಿ450 ಬಂದದ್ದು 2018ರಲ್ಲಿ, ರೈಜೆನ್ 5 5600 ಬಂದದ್ದು 2022ರಲ್ಲಿ. ಎರಡಕ್ಕೂ ಎಎಂ4 ಸಾಕೆಟ್ಟೇ ಆದ್ದರಿಂದ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ, ಆದರೆ ಬೋರ್ಡಿನ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹಳೆಯದಾಗಿದ್ದರೆ ಅದಕ್ಕೆ ಈ ಪ್ರೊಸೆಸರಿನ ಪರಿಚಯವೇ ಇರುವುದಿಲ್ಲ. ನನಗೂ ಹೀಗೆಯೇ ಆಗಿತ್ತು; ಪವರ್ ಸಪ್ಲೈಯನ್ನೇ ಶಂಕಿಸಿ ಎರಡು ದಿನ ಕಳೆದ ಮೇಲೆ ಬಯಾಸ್ ನೆನಪಾಯಿತು.

ಹಳೆಯ ಪ್ರೊಸೆಸರನ್ನೂ ಹಳೆಯ ರ‍್ಯಾಮನ್ನೂ ಮತ್ತೆ ಹಾಕಿ, ಕೊನೆಯ ಬಾರಿ ಸರಿಯಾಗಿ ನಡೆಯುತ್ತಿದ್ದ ಸ್ಥಿತಿಗೇ ಮರಳಿ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆಯದೆ ಅತ್ತಿತ್ತ ಮೆಲ್ಲಗೆ ತಿರುಗಿಸಿ ಬಿಡಿಸಬೇಕು; ಕೂಲರಿಗೆ ಶಾಖ ದಾಟಿಸಲು ನಡುವೆ ಹಚ್ಚಿರುವ ಪೇಸ್ಟಿಗೆ ಅಂಟಿಕೊಂಡ ಎಎಂ4 ಪ್ರೊಸೆಸರ್ ಲಿವರ್ ಮುಚ್ಚಿರುವಾಗಲೂ ಸಾಕೆಟ್ಟಿನಿಂದ ಕಿತ್ತು ಬರಬಲ್ಲದು, ಆಗ ಅಡಿಯ ಪಿನ್ನುಗಳು ಬಾಗಬಹುದು. ಮರುಜೋಡಿಸುವಾಗ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ. ಕಂಪ್ಯೂಟರ್ ಶುರುವಾದೊಡನೆ ಬಯಾಸ್ ಆವೃತ್ತಿಯನ್ನು ಗುರುತು ಹಾಕಿಕೊಂಡು, ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಪಟ್ಟಿ ತೆರೆದು, 5600ಕ್ಕೆ ಯಾವ ಆವೃತ್ತಿ ಬೇಕೆಂದು ನೋಡಿ. ಕೆಲವು ಬೋರ್ಡುಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕಾಗುವುದರಿಂದ ಅಲ್ಲಿನ ಸೂಚನೆಯನ್ನು ಪೂರ್ತಿ ಓದಿ. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋಗದಂತೆ ನೋಡಿಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಅರ್ಧಕ್ಕೆ ನಿಂತ ಬಯಾಸ್ ಇಡೀ ಬೋರ್ಡನ್ನೇ ನಿಷ್ಕ್ರಿಯಗೊಳಿಸಬಹುದು.

ಎರಡನೆಯ ಉತ್ತರ: ಮೇಲಿನ ಸಲಹೆಗೆ ನನ್ನ ಒಪ್ಪಿಗೆಯಿದೆ. ಆದರೆ ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿರುವುದರಿಂದ ರ‍್ಯಾಮನ್ನೂ ಬೇರೆಯಾಗಿಯೇ ಪರೀಕ್ಷಿಸಿ. ನಾಲ್ಕು ಸ್ಲಾಟ್‌ಗಳಿರುವ ಹೆಚ್ಚಿನ ಬೋರ್ಡುಗಳಲ್ಲಿ ಎರಡು ಸ್ಟಿಕ್‌ಗಳು ಪ್ರೊಸೆಸರಿನಿಂದ ಎಣಿಸಿದಾಗ 2 ಮತ್ತು 4ನೆಯ ಸ್ಲಾಟ್‌ಗಳಲ್ಲಿರಬೇಕು. ಕೆಲವು ಬೋರ್ಡುಗಳ ಸ್ಲಾಟ್‌ಗಳಿಗೆ ಕೊಂಡಿ ಒಂದೇ ತುದಿಯಲ್ಲಿರುತ್ತದೆ. ಇನ್ನೊಂದು ತುದಿ ಪೂರ್ತಿ ಕೂರದಿದ್ದರೂ ಮೇಲ್ನೋಟಕ್ಕೆ ತಿಳಿಯದು. ಮುಟ್ಟುವ ಮೊದಲು ಮುಖ್ಯ ತಂತಿಯನ್ನು ಕಿತ್ತಿಡಿ.

ಮೂರನೆಯ ಉತ್ತರ: 5600ರೊಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರಿನ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಜೋಡಣೆಯಾಗಿರಬೇಕು.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಯ ಭಾಗಗಳನ್ನು ಮರಳಿ ಹಾಕಿದಾಗ ಕಂಪ್ಯೂಟರ್ ಶುರುವಾಯಿತು, ಬಯಾಸ್ 2019ರದ್ದಾಗಿತ್ತು. ಅಪ್‌ಡೇಟ್ ಮುಗಿಸಿ ಹೊಸ ಪ್ರೊಸೆಸರನ್ನು ಹಳೆಯ ರ‍್ಯಾಮಿನೊಂದಿಗೆ ಹಾಕಿದಾಗ ಪರದೆ ಮೂಡಿತು, ಆದರೆ ಹೊಸ ಸ್ಟಿಕ್‌ಗಳನ್ನು ಹಾಕಿದೊಡನೆ ಮತ್ತೆ ಕಪ್ಪಾಯಿತು. ಟಾರ್ಚ್ ಹಿಡಿದು ನೋಡಿದರೆ ಒಂದು ಸ್ಟಿಕ್ಕಿನ ಕೊಂಡಿಯಿಲ್ಲದ ತುದಿ ಸ್ವಲ್ಪ ಮೇಲೆದ್ದಿತ್ತು. ಅದನ್ನು ಒತ್ತಿ ಕೂರಿಸಿದ ಮೇಲೆ 32 ಜಿಬಿಯೂ ಕಾಣಿಸುತ್ತಿದೆ. ಅಪ್‌ಡೇಟಿನಿಂದ ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿವೆ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿಯನ್ನು ಈಗಲೇ ಆನ್ ಮಾಡದೆ, ಒಂದು ವಾರ ಹೀಗೆಯೇ ನಡೆಸಿ ನೋಡುತ್ತೇನೆ.