ಅಪ್‌ಡೇಟ್: ಮಗಳ ಕಾಗದದ ವಿಮಾನ ಅಂಗಳ ದಾಟಿತು!

ಕಾಗದದ ವಿಮಾನ ಮೂತಿ ಎತ್ತಿ ಧೊಪ್ಪಂತ ಬೀಳತೈತಿ, ಒಂಬತ್ತು ವರ್ಷದ ಮಗಳಿಗೆ ಹಾರಾಟದ ವಿಜ್ಞಾನ ಹೆಂಗ ತಿಳಿಸಲಿ ಅಂತ ಹೋದ ತಿಂಗಳು ಕೇಳಿದ್ದೆ. ಮೂತಿಗೆ ಪೇಪರ್ ಕ್ಲಿಪ್ ಹಾಕ್ರಿ ಅಂದ ಅಣ್ಣಾರಿಗೆ ನಮಸ್ಕಾರ. ತೂಕ ಮುಂದ ಬಂದಿದ್ದೇ ತಡ, ಧಾರವಾಡದ ನಮ್ಮ ಅಂಗಳ ದಾಟಿ ಓಣಿಗೆ ಹೋತು! ರೆಕ್ಕಿಯ ಹಿಂದಿನ ಅಂಚು ಚೂರು ಮ್ಯಾಲ ಮಡಚಿದರ ಮೂತಿ ಏಳತೈತಿ ಅನ್ನೋದನ್ನ ಆಕಿನ ಕಂಡುಹಿಡಿದಳು.

ರೆಕ್ಕಿ ಮ್ಯಾಲಿನ ಗಾಳಿ ಕೆಳಗಿನ ಗಾಳಿನ್ನ ರೆಕ್ಕಿ ಹಿಂದ ಕೂಡಬೇಕಂತ ಜೋರು ಓಡತೈತಿ ಅಂತ ನಾ ಹೇಳಿದ್ದು ತಪ್ಪು, ತಿದ್ದಿದೆ. ರೆಕ್ಕಿ ಗಾಳಿನ್ನ ಕೆಳಗ ತಳ್ಳತೈತಿ, ಗಾಳಿ ರೆಕ್ಕಿನ್ನ ಮ್ಯಾಲ ತಳ್ಳತೈತಿ.

1903ರ ಡಿಸೆಂಬರ್ 17ಕ್ಕ ರೈಟ್ ಸಹೋದರರ ಇಂಜಿನ್ ವಿಮಾನದ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಅಂದೆ. ಓಣ್ಯಾಗ ಟೇಪ್ ಹಿಡಿದು ಆ 120 ಅಡಿ ಅಳೆದಳು: ನಾಲ್ಕು ಮನಿ ಉದ್ದ. ಆಷಾಢದ ಗಾಳಿಗೆ ಇನ್ನ ಪತಂಗ ಹಾರಿಸೋದು; ಅದಕ್ಕ ಬಾಲಂಗೋಚಿ ಯಾಕ ಬೇಕಂತ ಈಗಲೇ ಕೇಳಾಕತ್ತಾಳ.